ಬಿದ್ದದ್ದನ್ನು ತಿನ್ನುವ ನಾಯಿ



ಕಳೆದ ತಿಂಗಳ ಒಂದು ಭಾನುವಾರ, ಸಂಜೆಯ ಕಾಫಿಯ ಹೊತ್ತಿಗೆ ಬೆಂಗಳೂರಿನಿಂದ ಮೊಮ್ಮಗಳ ದೂರವಾಣಿ ಕರೆ ಬಂತು. ಹತ್ತು ವರ್ಷದ ಹುಡುಗಿ. ಸಾಮಾನ್ಯವಾಗಿ ಶಾಲೆಯ ದೂರುಗಳಿಂದಲೇ ಮಾತು ಆರಂಭಿಸುವವಳು. ಅಂದು ಮಾತ್ರ ದನಿ ಸಣ್ಣಗಿತ್ತು.

"ಅಜ್ಜ, ನಮ್ಮ ನಾಯಿಮರಿ ರಸ್ತೇಲಿ ಬಿದ್ದಿದ್ದೆಲ್ಲ ತಿನ್ನುತ್ತೆ. ನಿನ್ನೆ ಯಾರೋ ಬಿಸಾಕಿದ ಕೋಳಿ ಮೂಳೆ, ಇವತ್ತು ಹಾಲಿನ ಪ್ಯಾಕೆಟ್ಟು. ಅಪ್ಪ ಅದನ್ನ ತಂದ ಕಡೆಗೇ ವಾಪಸ್ ಕೊಟ್ಟುಬಿಡೋಣ ಅಂತಿದ್ದಾರೆ. ನೀನೇ ಏನಾದ್ರೂ ಹೇಳು."

"ಇಷ್ಟಕ್ಕೆಲ್ಲ ವಾಪಸ್ ಕೊಡುವುದು ಯಾಕೆ ಮಗಾ?" ಎಂದೆ.

"ಅಪ್ಪನಿಗೆ ಹೆದರಿಕೆ ಅಜ್ಜ. ಚಿಕ್ಕವರಿದ್ದಾಗ ಸರಪಳಿ ಬಿಚ್ಚಿಬಿಟ್ಟಿದ್ರಂತೆ, ನಿಮ್ಮನೆ ನಾಯಿ ಹೋಗಿ ಹಾವು ಕಚ್ಚಿಸಿಕೊಂಡು ಸತ್ತುಹೋಯ್ತಂತೆ. ತನ್ನಿಂದಲೇ ಹಾಗಾಯ್ತು ಅಂತ ನಂಗೆ ಹೇಳಿದ್ರು."

ಲೋಟದಲ್ಲಿದ್ದ ಕಾಫಿ ಆರಿಹೋಯಿತು. "ನಾಳೆ ಮಾತಾಡ್ತೇನೆ ಮಗಾ, ಅಲ್ಲಿಯವರೆಗೆ ಮರಿಯನ್ನು ಕೊಡಬೇಡಿ ಅಂತ ಅಪ್ಪನಿಗೆ ಹೇಳು" ಎಂದಷ್ಟೇ ಹೇಳಿ ಇಟ್ಟೆ. ಆ ನಾಯಿಗೆ ಹಾವು ಕಚ್ಚಿರಲಿಲ್ಲ. ಅದು ನನಗೂ ನನ್ನ ಮಡದಿಗೂ ಮಾತ್ರ ಗೊತ್ತಿದ್ದ ಸಂಗತಿ.

ಈ ಬರಹದಲ್ಲಿ ಎರಡು ವಿಷಯಗಳಿವೆ. ಬೀದಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುವ ನಾಯಿಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಮೊಮ್ಮಗಳು ಕೇಳಿದ ಪ್ರಶ್ನೆಗೆ ನನಗೆ ತಿಳಿದ ಉತ್ತರ ಒಂದು. ನಾಲ್ಕು ದಶಕಗಳಿಗೆ ಸಮೀಪವಾಗಿ ನಾನು ಉಳಿಸಿಕೊಂಡು ಬಂದ ಒಂದು ಬಾಕಿ ಇನ್ನೊಂದು. ಬಾಕಿಯನ್ನೇ ಮೊದಲು ತೀರಿಸುತ್ತೇನೆ.

* * *

1987ರಲ್ಲಿ ನಾನು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಬಾಡಿಗೆಯ ಮನೆ. ಮನೆಯ ಹಿಂದೆ ಕೊಟ್ಟಿಗೆ, ಅದರಾಚೆ ತಿಪ್ಪೆ, ತಿಪ್ಪೆಯಾಚೆ ಗದ್ದೆ. ಮನೆಯೊಡೆಯರ ಆ ಗದ್ದೆಯಲ್ಲಿ ಎರಡು ಮಡಿಗಳನ್ನು ನಾನು ಹವ್ಯಾಸಕ್ಕೆಂದು ಗೇಣಿಯಿಲ್ಲದೆ ಮಾಡಿಕೊಂಡಿದ್ದೆ. ನಮ್ಮ ಮನೆಯಲ್ಲಿ ಕೆಂಚ ಎಂಬ ನಾಯಿ ಇತ್ತು. ಹೆಸರಿಗೆ ತಕ್ಕ ಕೆಂಚು ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ಆಗ ಏಳು ವರ್ಷದವನಾಗಿದ್ದ ನನ್ನ ಮಗನಿಗೆ ಕೆಂಚನೇ ತಮ್ಮ, ಕೆಂಚನೇ ಗೆಳೆಯ. ಆ ಕಾಲದಲ್ಲಿ ಶಾಲೆಗೆ ನಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದ ಹಳೆಯ ವಿದ್ಯಾರ್ಥಿಗಳಿಗೆ ಆ ನಾಯಿಯ ನೆನಪಿರಬಹುದು. ನಿಮ್ಮಲ್ಲಿ ಹಲವರ ಬುತ್ತಿಯ ರೊಟ್ಟಿಯಲ್ಲಿ ಅದಕ್ಕೂ ಪಾಲಿರುತ್ತಿತ್ತು.

ಭತ್ತ ತೆನೆ ಕಟ್ಟುವ ಹೊತ್ತಿಗೆ ಇಲಿಗಳ ಕಾಟ ಆರಂಭವಾಯಿತು. ಬದುವಿನ ತುಂಬ ಬಿಲಗಳು. ವಿಜ್ಞಾನದ ಮೇಷ್ಟ್ರು ಸುಮ್ಮನಿರುವುದುಂಟೇ! ಕೃಷಿ ಇಲಾಖೆಯವರು ಹೇಳುವ ಕ್ರಮದಲ್ಲೇ ಸತುವಿನ ಫಾಸ್ಫೈಡಿನ ಪಾಷಾಣ ಸಿದ್ಧಪಡಿಸಲು ನಿಶ್ಚಯಿಸಿದೆ. ತೊಂಬತ್ತಾರು ಪಾಲು ಅಕ್ಕಿನುಚ್ಚು, ಎರಡು ಪಾಲು ಎಣ್ಣೆ, ಎರಡು ಪಾಲು ಆ ಬೂದುಗಪ್ಪು ಪುಡಿ. ಆದರೆ ಇಲಿ ಬಹಳ ಸಂಶಯದ ಪ್ರಾಣಿ. ಹೊಸ ತಿನಿಸನ್ನು ಮೊದಲು ತುಸುವೇ ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟುವುದಿಲ್ಲ. ಆದ್ದರಿಂದ ಮೊದಲ ಎರಡು ಮೂರು ದಿನ ವಿಷವಿಲ್ಲದ ಎಣ್ಣೆನುಚ್ಚನ್ನೇ ಬಿಲಗಳ ಬಳಿ ಇಟ್ಟು, ವಿಶ್ವಾಸ ಹುಟ್ಟಿಸಿ, ಅನಂತರ ವಿಷ ಬೆರೆಸಬೇಕು. ನಾನು ಹಾಗೆಯೇ ಮಾಡಿದೆ. ಆ ಎರಡು ದಿನ ಬೋಗುಣಿಯಲ್ಲಿ ಉಳಿದ ಒಳ್ಳೆಯ ಎಣ್ಣೆನುಚ್ಚನ್ನು ಹಾಳುಮಾಡುವುದೇಕೆಂದು ಕೆಂಚನಿಗೆ ಹಾಕಿದೆ. ಅದು ಬಾಲ ಆಡಿಸುತ್ತ ಬೋಗುಣಿಯನ್ನು ನೆಕ್ಕಿ ಹೊಳೆಯುವಂತೆ ಮಾಡಿತು. ಇಲಿಗೆ ವಿಶ್ವಾಸ ಹುಟ್ಟಿಸಲು ಮಾಡಿದ ತಿನಿಸು ನಾಯಿಗೂ ವಿಶ್ವಾಸ ಹುಟ್ಟಿಸುತ್ತದೆ ಎಂಬ ಸರಳ ಸಂಗತಿ, ಮಕ್ಕಳಿಗೆ ತರ್ಕ ಕಲಿಸುತ್ತಿದ್ದ ನನ್ನ ತಲೆಗೆ ಹೊಳೆಯಲಿಲ್ಲ.

ಮೂರನೆಯ ದಿನ ಸಂಜೆ ವಿಷ ಬೆರೆಸಿ ಬಿಲಗಳ ಒಳಗೆ ಇಟ್ಟು ಮಣ್ಣು ಮುಚ್ಚಿದೆ. ಅಷ್ಟರ ಮಟ್ಟಿಗೆ ನನ್ನ ಕೆಲಸ ಅಚ್ಚುಕಟ್ಟಾಗಿತ್ತು. ಕೊನೆಗೆ ಒಂದು ಹಿಡಿಯಷ್ಟು ಉಳಿಯಿತು. ಕತ್ತಲಾಗಿತ್ತು, ಸೊಳ್ಳೆ ಕಚ್ಚುತ್ತಿತ್ತು, ಮರುದಿನದ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆಯುವುದು ಬಾಕಿಯಿತ್ತು. ಗುಂಡಿ ತೋಡಿ ಹೂಳಬೇಕಾಗಿದ್ದ ಆ ಹಿಡಿ ನುಚ್ಚನ್ನು ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ತಿಪ್ಪೆಗೆ ಎಸೆದೆ. ಕೈಯನ್ನು ಮಾತ್ರ ಮೂರು ಸಲ ಸೋಪು ಹಾಕಿ ತೊಳೆದುಕೊಂಡೆ.

ಬೆಳಿಗ್ಗೆ ಮಗ ಎಂದಿನಂತೆ ಕೆಂಚನ ಸರಪಳಿ ಬಿಚ್ಚಿದ. ಅದು ಅವನ ನಿತ್ಯದ ಕೆಲಸ. ಎರಡು ಗಂಟೆಗಳೊಳಗೆ ಕೆಂಚ ಜಗಲಿಯ ಕೆಳಗೆ ಬಿದ್ದುಕೊಂಡು ಏದುಸಿರು ಬಿಡುತ್ತಿತ್ತು. ವಾಂತಿಯಲ್ಲಿ ಬೂದು ಬಣ್ಣದ ನುಚ್ಚು, ಜೊತೆಗೆ ಬೆಳ್ಳುಳ್ಳಿಯಂತಹ ಒಂದು ಕಮಟು ವಾಸನೆ. ಆ ವಾಸನೆ ಮೂಗಿಗೆ ಬಿದ್ದೊಡನೆ ನನಗೆ ಎಲ್ಲವೂ ತಿಳಿಯಿತು. ಸತುವಿನ ಫಾಸ್ಫೈಡು ಆಮ್ಲದೊಡನೆ ಸೇರಿದರೆ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಜಠರದಲ್ಲಿ ಇರುವುದೇ ಆಮ್ಲ. ಬಿ.ಎಸ್ಸಿ. ಓದುವಾಗ ಈ ಕ್ರಿಯೆಯ ಸಮೀಕರಣವನ್ನು ಬರೆದು ಅಂಕ ಗಳಿಸಿದ್ದವನು ನಾನು.

ಅಕ್ಕಪಕ್ಕದವರು ಸೇರಿದರು. ಒಬ್ಬರು ಮಜ್ಜಿಗೆ ಹೊಯ್ಯಿರಿ ಎಂದರು, ಇನ್ನೊಬ್ಬರು ಹುಣಸೆಹಣ್ಣಿನ ನೀರು ಎಂದರು. ಗಾಬರಿಯಲ್ಲಿ ಕಲಿತದ್ದೆಲ್ಲ ಮರೆತುಹೋಯಿತು. ನಾನೇ ಕೆಂಚನ ದವಡೆ ಅಗಲಿಸಿ ಹಿಡಿದೆ, ನಾನೇ ಎರಡು ಲೋಟ ಹುಳಿಮಜ್ಜಿಗೆ ಹೊಯ್ದೆ. ಆಮ್ಲ ಸಾಲದೆಂದು ಮೇಲಿಂದ ಇನ್ನಷ್ಟು ಆಮ್ಲ! ಪಶುವೈದ್ಯರಿರುವ ಪಟ್ಟಣಕ್ಕೆ ಮುಂದಿನ ಬಸ್ಸು ಮಧ್ಯಾಹ್ನ ಎರಡು ಗಂಟೆಗೆ. ಕೆಂಚ ಹನ್ನೆರಡಕ್ಕೆ ಮುಂಚೆಯೇ ಹೋಯಿತು. ಮಜ್ಜಿಗೆ ಹೊಯ್ಯದಿದ್ದರೂ ಬಹುಶಃ ಉಳಿಯುತ್ತಿರಲಿಲ್ಲ ಎಂದು ಮುಂದೆ ಒಬ್ಬ ವೈದ್ಯರು ನನಗೆ ಹೇಳಿದರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಶಾಲೆಯಿಂದ ಓಡಿಬಂದ ಮಗ, "ಅಪ್ಪ, ಕೆಂಚಂಗೆ ಏನಾಯ್ತು?" ಎಂದು ಕೇಳಿದ. ನಾನು, "ಹಾವು ಕಚ್ಚಿತು ಮಗಾ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅವನು ಅಳು ನಿಲ್ಲಿಸದಿದ್ದಾಗ, ಎಲ್ಲಿಂದಲೋ ಬಂದ ಸಿಟ್ಟಿನಲ್ಲಿ, "ಬೆಳಿಗ್ಗೆ ಬೆಳಿಗ್ಗೆ ಸರಪಳಿ ಬಿಚ್ಚಿ ಬಿಟ್ಟರೆ ಇನ್ನೇನಾಗುತ್ತದೆ?" ಎಂದುಬಿಟ್ಟೆ.

ನನ್ನ ಮಡದಿ ನನ್ನತ್ತ ಒಮ್ಮೆ ನೋಡಿ ಒಳಗೆ ಹೋದಳು. ಆ ರಾತ್ರಿ, "ಅವನಿಗೆ ನಿಜ ಹೇಳಿಬಿಡಿ" ಎಂದಳು. "ಚಿಕ್ಕವನು, ಎರಡು ದಿನದಲ್ಲಿ ಮರೆಯುತ್ತಾನೆ" ಎಂದು ಉತ್ತರಿಸಿದೆ. ಅವನು ಮರೆಯಲಿಲ್ಲ. ಮರೆತಿರಬೇಕೆಂದು ನಂಬಿಕೊಂಡು ಕಾಲ ಕಳೆದವನು ನಾನು.

* * *

ಅದಾದ ಮೇಲೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾವು ನಾಯಿ ಸಾಕಲಿಲ್ಲ. 2011ರಲ್ಲಿ ನಿವೃತ್ತನಾಗಿ ತೀರ್ಥಹಳ್ಳಿಯಲ್ಲೇ ನೆಲೆನಿಂತೆವು. 2019ರ ಮಳೆಗಾಲದಲ್ಲಿ ಬಸ್ ನಿಲ್ದಾಣದ ಹಿಂಬದಿಯಲ್ಲಿ ನೆನೆದು ಮುದ್ದೆಯಾಗಿದ್ದ ಒಂದು ಹೆಣ್ಣುಮರಿಯನ್ನು ನನ್ನ ಮಡದಿ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ನಾಲ್ಕೂ ಪಾದಗಳು ಬಿಳಿ. ಬೆಳ್ಳಿ ಎಂದು ಹೆಸರಿಟ್ಟೆವು.

ಬೆಳ್ಳಿಯ ಮೊದಲ ವಿದ್ಯಾಭ್ಯಾಸ ನಿಲ್ದಾಣದ ಹೋಟೆಲುಗಳ ಹಿಂದಿನ ತೊಟ್ಟಿಯಲ್ಲಿ ಆಗಿತ್ತು. ಅಲ್ಲಿ ಕಲಿತ ಪಾಠವೂ ಒಂದೇ: ಸಿಕ್ಕಿದ್ದನ್ನು ತಕ್ಷಣ ನುಂಗು, ಇಲ್ಲವಾದರೆ ಬೇರೆಯವರ ಪಾಲಾಗುತ್ತದೆ. ಮನೆಯಲ್ಲಿ ಎರಡು ಹೊತ್ತು ಹೊಟ್ಟೆತುಂಬ ಅನ್ನ ಸಿಕ್ಕರೂ ಈ ಪಾಠ ಅಳಿಯಲಿಲ್ಲ. ಬೆಳಗಿನ ತಿರುಗಾಟದಲ್ಲಿ ಅವಳು ಬಾಯಿಗೆ ಹಾಕಿಕೊಂಡ ವಸ್ತುಗಳನ್ನು ಒಂದು ತಿಂಗಳು ದಿನಚರಿಯಲ್ಲಿ ಬರೆದಿಟ್ಟಿದ್ದೆ. ಮಾವಿನ ಗೊರಟು, ಮದುವೆ ಛತ್ರದ ಎಂಜಲೆಲೆ, ಕಾಗದದ ಟೀ ಲೋಟ, ಮೊಸರಿನ ಪ್ಯಾಕೆಟ್ಟು, ಕೋಳಿ ಅಂಗಡಿಯ ಹಿಂದಿನ ಗರಿ, ಯಾರದೋ ಮಗುವಿನ ಕಾಲುಚೀಲ, ದೇವಸ್ಥಾನದ ಮುಂದಿನ ತೆಂಗಿನ ಚಿಪ್ಪು, ಮತ್ತು ಇಲ್ಲಿ ಬರೆಯಲಾಗದ ಇನ್ನೂ ಕೆಲವು. ನನ್ನ ಮಡದಿ ಆ ಪಟ್ಟಿ ಓದಿ, "ನಿಮ್ಮ ಹಾಜರಿ ಪುಸ್ತಕ ಇನ್ನೂ ನಿಂತಿಲ್ಲ" ಎಂದು ನಕ್ಕಳು.

ನನ್ನ ಕ್ರಮ ಏನಾಗಿತ್ತೆಂದರೆ, ಗದರುವುದು, ಓಡಿಹೋಗಿ ಕುತ್ತಿಗೆ ಹಿಡಿಯುವುದು, ಬಾಯಿಗೆ ಬೆರಳು ಹಾಕಿ ಕಸಿದುಕೊಳ್ಳುವುದು. ಕೆಂಚನ ನೆನಪಿನ ಭಯ ಅದರ ಹಿಂದಿತ್ತು. ಆದರೆ ದಿನ ಕಳೆದಂತೆ ಬೆಳ್ಳಿ ಇನ್ನೂ ಚುರುಕಾದಳು. ನನ್ನ ಹೆಜ್ಜೆಯ ಸದ್ದು ಹತ್ತಿರವಾದಷ್ಟೂ ಬೇಗ ನುಂಗುತ್ತಿದ್ದಳು. ಮೊದಲು ಅಗಿದು ತಿನ್ನುತ್ತಿದ್ದುದನ್ನು ಈಗ ಇಡಿಯಾಗಿ ನುಂಗತೊಡಗಿದಳು.

2024ರ ಜನವರಿಯಲ್ಲಿ ನಮ್ಮೂರಿನ ರಾಮೇಶ್ವರ ದೇವರ ಎಳ್ಳಮಾವಾಸ್ಯೆ ಜಾತ್ರೆ ನಡೆಯಿತು. ತುಂಗೆಯ ತೀರ್ಥಸ್ನಾನ, ತೇರು, ತೆಪ್ಪೋತ್ಸವ. ಮೂರು ದಿನದ ಗದ್ದಲ ಮುಗಿದ ಮರುಬೆಳಗ್ಗೆ ಬೀದಿಯ ಇಕ್ಕೆಲಗಳಲ್ಲೂ ಜನ ತಿಂದು ಎಸೆದದ್ದರ ರಾಶಿ. ಬೆಳ್ಳಿ ಸುಟ್ಟ ಮೆಕ್ಕೆಜೋಳದ ದಿಂಡಿನ ತುಂಡೊಂದನ್ನು ಕಚ್ಚಿದಳು. ನಾನು "ಏಯ್!" ಎಂದು ಕೂಗಿ ಹಾರಿದೆ. ಅವಳು ನನ್ನ ಮುಖ ನೋಡುತ್ತಲೇ ಗುಳುಕ್ಕನೆ ನುಂಗಿದಳು. ಮೂರನೆಯ ದಿನಕ್ಕೆ ನೀರೂ ಒಳಗೆ ನಿಲ್ಲಲಿಲ್ಲ. ಜೋಳದ ದಿಂಡು ನಾಯಿಯ ಹೊಟ್ಟೆಯಲ್ಲಿ ಕರಗುವುದಿಲ್ಲ. ಕರುಳಿನಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ. ಮಾವಿನ ಗೊರಟಿನ ಕಥೆಯೂ ಅದೇ. ಬಾಡಿಗೆ ಕಾರಿನಲ್ಲಿ ಅವಳನ್ನು ಮಡಿಲಲ್ಲಿ ಹಾಕಿಕೊಂಡು, ಮಂಡಗದ್ದೆ, ಸಕ್ರೆಬೈಲು ದಾಟಿ ಅರವತ್ತು ಕಿಲೋಮೀಟರು ದೂರದ ಶಿವಮೊಗ್ಗಕ್ಕೆ ಹೋದೆವು. ಹೊಟ್ಟೆ ಕೊಯ್ದು ದಿಂಡು ತೆಗೆದರು. ಬೆಳ್ಳಿ ಉಳಿದಳು.

ಶಸ್ತ್ರಚಿಕಿತ್ಸೆ ಮಾಡಿದ ಪಶುವೈದ್ಯ ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆಯಬೇಡಿ ಎಂದಿದ್ದಾನೆ, ಬರೆಯುವುದಿಲ್ಲ. ನಾನು ನಡೆದದ್ದನ್ನೆಲ್ಲ ವಿವರಿಸಿದಾಗ ಅವನು ತುಸು ಸಂಕೋಚದಿಂದಲೇ ಹೇಳಿದ:

"ಸರ್, ಬೇಜಾರು ಮಾಡ್ಕೋಬೇಡಿ. ನೀವು ಕ್ಲಾಸಲ್ಲಿ ನಮ್ಮ ಜೇಬು ತಪಾಸಣೆ ಮಾಡ್ತಿದ್ರಲ್ಲ, ಹುಣಸೆಹಣ್ಣು, ನೆಲ್ಲಿಕಾಯಿ ಏನಾದ್ರೂ ಇದೆಯಾ ಅಂತ. ನೀವು ಮೊದಲನೇ ಬೆಂಚಿಗೆ ಬರೋ ಹೊತ್ತಿಗೆ ಹಿಂದಿನ ಬೆಂಚಿನವರೆಲ್ಲ ಬೀಜ ಸಮೇತ ನುಂಗಿರ್ತಿದ್ವಿ. ತಿನ್ನೋದನ್ನ ಯಾರೂ ಬಿಟ್ಟಿರಲಿಲ್ಲ ಸರ್. ಬೇಗ ನುಂಗೋದನ್ನ ಮಾತ್ರ ಕಲಿತ್ವಿ."

ಮೂವತ್ತೈದು ವರ್ಷ ಪಾಠ ಮಾಡಿದವನಿಗೆ ಇದಕ್ಕಿಂತ ಸ್ಪಷ್ಟವಾದ ಪರೀಕ್ಷಾ ಫಲಿತಾಂಶ ಬೇರೆ ಸಿಕ್ಕಲಾರದು!

ಅಂದು ರಾತ್ರಿ ನನಗೆ ಇನ್ನೊಬ್ಬ ವಿದ್ಯಾರ್ಥಿನಿಯ ನೆನಪೂ ಬಂತು. ಎಂಟನೆಯ ತರಗತಿಯ ಹುಡುಗಿ, ಬಳಪ ಮತ್ತು ಸೀಮೆಸುಣ್ಣದ ಚೂರುಗಳನ್ನು ಕದ್ದು ತಿನ್ನುತ್ತಿದ್ದಳು. ತರಗತಿಯ ಎದುರು ನಿಲ್ಲಿಸಿ ಬೈದಿದ್ದೆ. ನಮ್ಮ ಸಹೋದ್ಯೋಗಿ ಶಿಕ್ಷಕಿಯೊಬ್ಬರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಿಚಿಕೊಂಡದ್ದನ್ನು ಗಮನಿಸಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಹೊಟ್ಟೆಯಲ್ಲಿ ಕೊಕ್ಕೆಹುಳು, ಮೈಯಲ್ಲಿ ರಕ್ತಹೀನತೆ. ಹುಳುವಿನ ಮಾತ್ರೆ, ಕಬ್ಬಿಣದ ಮಾತ್ರೆ ನುಂಗಿದ ಕೆಲವೇ ವಾರಗಳಲ್ಲಿ ಬಳಪದ ಆಸೆ ತಾನಾಗಿ ಹೋಯಿತು. ಬೆಳ್ಳಿಯೂ ಗೋಡೆಯ ಗಾರೆ ನೆಕ್ಕುತ್ತಿದ್ದಳು, ಮಣ್ಣು ತಿನ್ನುತ್ತಿದ್ದಳು. ಪರೀಕ್ಷಿಸಿದಾಗ ಅವಳಲ್ಲೂ ಹುಳುವಿತ್ತು. ಔಷಧ ಕೊಟ್ಟ ಮೇಲೆ ಗಾರೆಯ ಚಪಲ ನಿಂತಿತು. ಆದ್ದರಿಂದ ಮೊಮ್ಮಗಳೇ, ಮೊದಲ ಸಲಹೆ ಇದು: ಮರಿ ಆಹಾರವಲ್ಲದ್ದನ್ನು ತಿನ್ನುತ್ತಿದ್ದರೆ, ಬೈಯುವ ಮುನ್ನ ವೈದ್ಯರಿಗೆ ತೋರಿಸಿ.

* * *

ಎರಡನೆಯದು, ಕಸಿಯುವುದನ್ನು ಬಿಟ್ಟು ವಿನಿಮಯ ಕಲಿಸುವುದು. ಇದನ್ನು ನನಗೆ ಆ ವೈದ್ಯನೇ ಕಲಿಸಿದ. ಗುರು ಶಿಷ್ಯನಾಗುವುದೆಂದರೆ ಹೀಗೆ.

ಮನೆಯೊಳಗೆ ಆರಂಭಿಸಬೇಕು. ಮುಷ್ಟಿಯಲ್ಲಿ ಒಂದು ಚೂರು ತಿನಿಸು ಹಿಡಿದು ನಾಯಿಯ ಮುಂದೆ ಚಾಚಬೇಕು. ಅದು ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ. ನಾವು ಸುಮ್ಮನಿರಬೇಕು. ಬೇಸತ್ತು ಮೂತಿ ಹಿಂದಕ್ಕೆ ತೆಗೆದ ಕ್ಷಣದಲ್ಲೇ ಶಾಂತವಾಗಿ "ಬಿಡು" ಎಂದು ಹೇಳಿ, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದುದನ್ನು ಕೊಡಬೇಕು. ಮುಷ್ಟಿಯಲ್ಲಿರುವುದನ್ನು ಮಾತ್ರ ಕೊಡಕೂಡದು. ಬಿಟ್ಟರೆ ಇನ್ನೂ ಒಳ್ಳೆಯದು ಸಿಗುತ್ತದೆ ಎಂಬ ನಂಬಿಕೆ ಹುಟ್ಟಬೇಕು. ಅನಂತರ ತಿನಿಸನ್ನು ನೆಲದ ಮೇಲಿಟ್ಟು ಅಂಗೈ ಮುಚ್ಚಿ, ಆಮೇಲೆ ಮುಚ್ಚದೆ, ಆಮೇಲೆ ಅಂಗಳದಲ್ಲಿ ಹಗ್ಗ ಹಿಡಿದು, ಕೊನೆಗೆ ಬೀದಿಯಲ್ಲಿ. ಬೆಳ್ಳಿಗೆ ಅತ್ಯಂತ ರುಚಿಯಾದದ್ದು ಬೇಯಿಸಿದ ಮೊಟ್ಟೆ. ನಮ್ಮ ಅಡುಗೆಮನೆಗೆ ಮೊಟ್ಟೆಗೆ ಪ್ರವೇಶವಿಲ್ಲ. ಹಿತ್ತಲಿನಲ್ಲಿ ಸ್ನಾನದ ನೀರು ಕಾಯಿಸುವ ಒಲೆಯ ಮೇಲೆ, ಅದಕ್ಕೆಂದೇ ತಂದ ಅಲ್ಯೂಮಿನಿಯಂ ಡಬ್ಬಿಯಲ್ಲಿ, ಎಪ್ಪತ್ತು ದಾಟಿದ ಈ ಮೇಷ್ಟ್ರು ಮೊಟ್ಟೆ ಬೇಯಿಸುವುದನ್ನು ನೀವು ನೋಡಬೇಕಿತ್ತು.

ಬಾಯಲ್ಲಿ ಆಗಲೇ ಕಚ್ಚಿಕೊಂಡಿದ್ದರೆ "ಕೊಡು" ಎಂಬ ಇನ್ನೊಂದು ಪಾಠ. ಆಟಿಕೆಯಿಂದ ಆರಂಭಿಸಿ, ಮೊಟ್ಟೆಯ ಚೂರನ್ನು ಮೂಗಿನ ಬಳಿ ತಂದರೆ ಬಾಯಿ ತಾನಾಗಿ ತೆರೆಯುತ್ತದೆ. ನಿರಪಾಯದ ವಸ್ತುವಾದರೆ ಅದನ್ನು ಮತ್ತೆ ಅದಕ್ಕೇ ಹಿಂದಿರುಗಿಸಬೇಕು. ಕೊಟ್ಟದ್ದು ಸದಾ ಕಳೆದುಹೋಗುವುದಿಲ್ಲ ಎಂದು ತಿಳಿದ ಪ್ರಾಣಿ ನುಂಗುವ ಆತುರ ಬಿಡುತ್ತದೆ. ನಿಜವಾಗಿ ಅಪಾಯದ ವಸ್ತುವನ್ನು ಕಚ್ಚಿದ್ದರೆ ಕೂಗಬಾರದು, ಬೆನ್ನಟ್ಟಬಾರದು. ಏಳೆಂಟು ಚೂರುಗಳನ್ನು ಒಟ್ಟಿಗೆ ನೆಲಕ್ಕೆ ಚೆಲ್ಲಬೇಕು. ಅದನ್ನು ಆಯ್ದುಕೊಳ್ಳಲು ಬಾಯಲ್ಲಿರುವುದನ್ನು ಬಿಡುವ ಸಂಭವ ಹೆಚ್ಚು. ಬೆಳ್ಳಿ ಇಷ್ಟನ್ನು ಕಲಿಯಲು ನಾಲ್ಕು ತಿಂಗಳು ಹಿಡಿಯಿತು. ಗದರದಿರಲು ನಾನು ಕಲಿಯುವುದಕ್ಕೆ ಅದಕ್ಕಿಂತ ಹೆಚ್ಚು ಸಮಯ ಬೇಕಾಯಿತು.

ಮೂರನೆಯದು ಬಾಯಿಕುಕ್ಕೆ. ಕಣ ತುಳಿಯುವ ಎತ್ತುಗಳಿಗೆ ಹಿಂದೆ ಹಗ್ಗದಲ್ಲಿ ಹೆಣೆದ ಕುಕ್ಕೆ ಕಟ್ಟುತ್ತಿದ್ದುದು ಹಿರಿಯರಿಗೆ ಗೊತ್ತು. ನಾಯಿಗೂ ಅಂತಹುದೇ ಬುಟ್ಟಿಯಾಕಾರದ ಕುಕ್ಕೆ ಸಿಗುತ್ತದೆ. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡುವಂತಿರಬೇಕು, ನೀರು ಕುಡಿಯುವಂತಿರಬೇಕು. ಬಟ್ಟೆಯ ಬಿಗಿಪಟ್ಟಿ ಬೇಡ. ಬಿಸಿಲಿನಲ್ಲಿ ನಾಯಿ ಮೈಯ ಕಾವು ಕಳೆದುಕೊಳ್ಳುವುದೇ ಬಾಯಿಯ ಮೂಲಕ. ಕುಕ್ಕೆಯೊಳಗೆ ತಿನಿಸು ಹಚ್ಚಿ ದಿನಕ್ಕಿಷ್ಟು ರೂಢಿ ಮಾಡಿಸಿದರೆ ಅದೇ ಮೂತಿ ಒಡ್ಡುತ್ತದೆ. ಜಾತ್ರೆಯ ದಿನಗಳಲ್ಲಿ, ಮದುವೆಯ ಕಾಲದಲ್ಲಿ ಬೆಳ್ಳಿ ಈಗ ಕುಕ್ಕೆ ಧರಿಸಿಯೇ ಹೊರಡುವುದು. ಕಂಡವರು "ಕಚ್ಚುತ್ತದಾ ಮೇಷ್ಟ್ರೇ?" ಎಂದು ದೂರ ಸರಿಯುತ್ತಾರೆ. "ಇಲ್ಲ ಮಾರಾಯ್ರೇ, ತಿನ್ನುತ್ತದೆ" ಎನ್ನುತ್ತೇನೆ.

* * *

ನಾಲ್ಕನೆಯದನ್ನು ಮೊಮ್ಮಗಳಿಗಿಂತ ಹೆಚ್ಚಾಗಿ ದೊಡ್ಡವರಿಗೆ ಹೇಳುತ್ತಿದ್ದೇನೆ. ನಾಯಿ ನೆಲದಿಂದ ಎತ್ತಿಕೊಳ್ಳುವುದೆಲ್ಲ ಯಾರೋ ಒಬ್ಬರು ನೆಲಕ್ಕೆ ಹಾಕಿದ್ದೇ ಆಗಿರುತ್ತದೆ.

ಈಗ ಅಂಗಡಿಯಲ್ಲಿ ಸಿಗುವ ಇಲಿಬಿಲ್ಲೆಗಳಲ್ಲಿ ಹಲವು ಬ್ರೊಮಾಡಿಯೊಲೋನಿನಂತಹವು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಇದನ್ನು ತಿಂದ ನಾಯಿ ಮೂರರಿಂದ ಐದು ದಿನ ಏನೂ ಆಗದಂತೆ ಆಡಿಕೊಂಡಿರುತ್ತದೆ, ಆಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ತಿಂದದ್ದು ತಿಳಿದ ದಿನವೇ ಹೋದರೆ ಕೆ ಜೀವಸತ್ವ ಕೊಟ್ಟು ಉಳಿಸಬಹುದು. ಅದನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ತೋಟಗಳಲ್ಲಿ ಆಫ್ರಿಕದ ದೈತ್ಯ ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯ ವಾಸನೆಗೂ ನಾಯಿ ಮರುಳಾಗುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಸೆಳವು. ಗುಲಾಬಿ ಗಿಡದ ಬುಡಕ್ಕೆ ಹಾಕುವ ಹರಳು ಹಿಂಡಿ ಕೂಡ ವಿಷವೇ. ಹಿತ್ತಲಿನ ಕಣಗಿಲೆಯೂ ಹಾಗೆಯೇ.

ಅಡುಗೆಮನೆಯೂ ನಿರಪರಾಧಿಯಲ್ಲ. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಸೈಲಿಟಾಲ್, ನಮ್ಮ ಜ್ವರದ ಪ್ಯಾರಸಿಟಮಾಲ್ ಮಾತ್ರೆ, ಇವೆಲ್ಲ ನಾಯಿಗೆ ಕೆಡುಕು. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡ ಕೆಡಿಸುತ್ತವೆ ಎಂಬುದು ತಿಳಿದಿತ್ತು. ಅದಕ್ಕೆ ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಹುಣಸೆಹಣ್ಣಿನಲ್ಲಿ ಹೇರಳವಾಗಿರುವುದು ಅದೇ ಆಮ್ಲ. ಸಾರು ಕಲಸಿದ ಅನ್ನವನ್ನು ನಾಯಿಗೆ ಹಾಕುವ ನಮ್ಮ ರೂಢಿಯನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ. ಬೇಯಿಸಿದ ಮೂಳೆ ಸೀಳಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಊಟ ಮುಗಿಸಿ ಮೂಳೆಯನ್ನು ಬೀದಿಗೆ ಎಸೆಯುವುದು ನಾಯಿಗೆ ಮಾಡುವ ಉಪಕಾರವಲ್ಲ.

ಇಷ್ಟಾದರೂ ತಿಂದುಬಿಟ್ಟರೆ? ಮಜ್ಜಿಗೆ, ಉಪ್ಪುನೀರು, ಎಣ್ಣೆ, ಹುಣಸೆನೀರು, ಯಾವುದನ್ನೂ ಹೊಯ್ಯಬೇಡಿ. ವಾಂತಿ ಮಾಡಿಸಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ. ತಿಂದದ್ದು ಏನು, ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ವಿಷದ ಪೊಟ್ಟಣವನ್ನೂ ಜೊತೆಗೆ ಹಿಡಿದು ಓಡಿ. ಅನುಮಾನವಿದ್ದರೆ ನಾಳೆ ನೋಡೋಣ ಎನ್ನಬೇಡಿ. ತಪ್ಪು ನಿಮ್ಮದಾಗಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ವಿಷ ಇಡಲೇಬೇಕಾದ ರೈತರು ಎಷ್ಟು ಇಟ್ಟಿರೆಂದು ಎಣಿಸಿಕೊಳ್ಳಿ, ಉಳಿದದ್ದನ್ನೂ ಸತ್ತ ಇಲಿಗಳನ್ನೂ ಆಳವಾಗಿ ಹೂಳಿ. ಆ ಗುಂಡಿ ತೋಡಲು ಹೆಚ್ಚೆಂದರೆ ಹತ್ತು ನಿಮಿಷ ಬೇಕು. ನಾನು 1987ರಲ್ಲಿ ಉಳಿಸಿಕೊಂಡದ್ದು ಆ ಹತ್ತು ನಿಮಿಷವನ್ನು.

* * *

ಮೊಮ್ಮಗಳಿಗೆ ಮಾತು ಕೊಟ್ಟಂತೆ ಮರುದಿನ ಕರೆ ಮಾಡಿದೆ. ಆದರೆ ಅವಳಿಗಲ್ಲ, ಅವಳ ಅಪ್ಪನಿಗೆ. ಸುತ್ತುಬಳಸದೆ ಹೇಳಿದೆ. ಎಣ್ಣೆನುಚ್ಚು, ಉಳಿದ ಹಿಡಿ, ತಿಪ್ಪೆ, ಮಜ್ಜಿಗೆ. "ಹಾವು ಇರಲಿಲ್ಲ ಮಗಾ. ನೀನು ಸರಪಳಿ ಬಿಚ್ಚಿದ್ದು ತಪ್ಪಾಗಿರಲಿಲ್ಲ. ತಪ್ಪು ನನ್ನದು. ಅದನ್ನು ನಿನ್ನ ತಲೆಗೆ ಕಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು."

ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಕರೆ ಕಡಿದುಹೋಯಿತೇನೋ ಎಂದುಕೊಂಡೆ. ಆಮೇಲೆ ಅವನು ಕೇಳಿದ್ದು ಒಂದೇ: "ಪೊಟ್ಟಣ ಕಟ್ಟಿ ಎಸೆದಿದ್ರಾ, ಹಾಗೇ ಚೆಲ್ಲಿದ್ರಾ?"

"ಪೊಟ್ಟಣ ಕಟ್ಟಿ."

"ಆವತ್ತು ಬೆಳಿಗ್ಗೆ ಕೆಂಚ ಬಾಯಲ್ಲಿ ಪೇಪರ್ ಕಚ್ಕೊಂಡು ಬಂದಿತ್ತು ಅಪ್ಪ. ನಾನು ಆಟ ಅಂದ್ಕೊಂಡೆ. ಅದನ್ನ ಕಿತ್ಕೊಳ್ಳೋಕೆ ಹೋದೆ, ಅದು ಓಡಿಹೋಯ್ತು. ನಿಮಗೆ ಯಾವತ್ತೂ ಹೇಳಿರಲಿಲ್ಲ."

ಏಳು ವರ್ಷದ ಮಗು ಅದನ್ನೂ ಹೊತ್ತುಕೊಂಡಿತ್ತು. ನಾನು ಮಾತನಾಡಲಾರದೆ ಫೋನನ್ನು ಮಡದಿಯ ಕೈಗೆ ಕೊಟ್ಟೆ.

ಈ ಬರಹವನ್ನು ಪ್ರಕಟಿಸುವ ಮೊದಲು ಅವನಿಗೆ ಓದಿ ಹೇಳಿದ್ದೇನೆ. "ಬರೀರಿ, ನನ್ನ ಹೆಸರು ಬೇಡ" ಎಂದ. ನಾಯಿಮರಿ ಅವರ ಮನೆಯಲ್ಲೇ ಇದೆ. ಮೊನ್ನೆ ಮತ್ತೆ ಅವನೇ ಕರೆ ಮಾಡಿ, ಬಾಯಿಕುಕ್ಕೆಗೆ ಮೂತಿಯ ಅಳತೆ ತೆಗೆಯುವುದು ಹೇಗೆಂದು ಕೇಳಿದ. ದಾರ ಸುತ್ತಿ, ಗಂಟು ಹಾಕಿ, ಅಳತೆಪಟ್ಟಿಯ ಮೇಲಿಟ್ಟು ನೋಡು, ಬಾಯಿ ತೆರೆಯುವಷ್ಟು ಜಾಗ ಬಿಟ್ಟು ಕೊಳ್ಳು ಎಂದು ಹೇಳಿದೆ. ಹಿಂದಿನಿಂದ ಮೊಮ್ಮಗಳು, "ಬಿಡು... ಬಿಡು... ಜಾಣ!" ಎನ್ನುವುದು ಕೇಳಿಸುತ್ತಿತ್ತು.

ಬೆಳ್ಳಿ ಈಗ ಜಗಲಿಯಲ್ಲಿ ಮಲಗಿದ್ದಾಳೆ. ಸಂಜೆಯ ತಿರುಗಾಟದ ಹೊತ್ತಾಯಿತು, ಡಬ್ಬಿಯಲ್ಲಿ ಮೊಟ್ಟೆ ಬೇಯಿಸಬೇಕು. ಉಳಿದದ್ದನ್ನು ಮುಂದೆಂದಾದರೂ ಬರೆಯುತ್ತೇನೆ.